ಮೂರೂವರೆ ಸಾವಿರದ ಗೆರೆ

ಬಾಡಿಗೆ ಮನೆಯಲ್ಲಿರುವವರನ್ನು ಕಾಯುವ ಕಾನೂನು ಕರ್ನಾಟಕದಲ್ಲಿ ಇದೆಯೇ ಎಂದು ಕೇಳಿದರೆ, ಇದೆ ಎನ್ನಬೇಕು. ಅದು ಯಾರನ್ನು ಕಾಯುತ್ತದೆ ಎಂದು ಕೇಳಿದರೆ ಉತ್ತರ ಅಷ್ಟು ಸಲೀಸಲ್ಲ. 2001ರ ಡಿಸೆಂಬರ್ 31ರಂದು ಜಾರಿಗೆ ಬಂದ ‘ಕರ್ನಾಟಕ ಬಾಡಿಗೆ ಅಧಿನಿಯಮ, 1999’ ತಾನು ಯಾವ ಕಟ್ಟಡಗಳಿಗೆ ಅನ್ವಯಿಸುವುದಿಲ್ಲ ಎಂಬುದನ್ನು ಎರಡನೆಯ ಸೆಕ್ಷನ್‌ನಲ್ಲೇ ಪಟ್ಟಿ ಮಾಡುತ್ತದೆ. ಮೊದಲ ಅನುಸೂಚಿಯ ಮೊದಲ ಭಾಗದಲ್ಲಿರುವ ಪ್ರದೇಶಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ. ಬಾಡಿಗೆ ಈ ಮೊತ್ತವನ್ನು ದಾಟಿದರೆ ಆ ಮನೆಗೂ ಈ ಕಾನೂನಿಗೂ ಸಂಬಂಧವಿಲ್ಲ. ಹೊಸದಾಗಿ ಕಟ್ಟಿ ಅಥವಾ ಗಣನೀಯವಾಗಿ ನವೀಕರಿಸಿ 15 ವರ್ಷ ತುಂಬದ ಕಟ್ಟಡಕ್ಕೂ ಇಲ್ಲ. ಅಂಗಡಿ ಮುಂಗಟ್ಟುಗಳ ಪೈಕಿ 14 ಚದರ ಮೀಟರ್, ಅಂದರೆ ಸುಮಾರು 150 ಚದರ ಅಡಿಗಿಂತ ದೊಡ್ಡದಾದ ಯಾವುದಕ್ಕೂ ಇಲ್ಲ.

ಜಾರಿಯಾದ ದಿನಗಳಲ್ಲಿ ಈ ಗೆರೆಗಳಿಗೆ ಅರ್ಥವಿತ್ತು. ಕೆಳಮಧ್ಯಮ ವರ್ಗದ ಒಂದು ಸಂಸಾರ ಬೆಂಗಳೂರಿನಲ್ಲಿ 3,500 ರೂಪಾಯಿಯೊಳಗೆ ಎರಡು ಕೋಣೆಯ ಮನೆ ಹುಡುಕಬಹುದಾಗಿತ್ತು. ಈಗ ನಗರದ ಅಂಚಿನಲ್ಲಿರುವ ಶೀಟಿನ ಮನೆಗೂ, ಒಂಟಿ ಕೋಣೆಗೂ ಆ ಮೊತ್ತ ಸಾಲದು. ಶಾಸನಸಭೆ ಈ ರಕ್ಷಣೆಯನ್ನು ರದ್ದು ಮಾಡಲಿಲ್ಲ. ರದ್ದು ಮಾಡಬೇಕೇ ಬೇಡವೇ ಎಂಬ ಚರ್ಚೆಯೂ ಸಾರ್ವಜನಿಕವಾಗಿ ನಡೆಯಲಿಲ್ಲ. ಅಂಕಿಯನ್ನು ಮುಟ್ಟದೆ ಬಿಟ್ಟದ್ದೇ ಸಾಕಾಯಿತು, ಉಳಿದ ಕೆಲಸವನ್ನು ಬೆಲೆಯೇರಿಕೆ ಮಾಡಿ ಮುಗಿಸಿತು. ಬಾಡಿಗೆ ನಿಯಂತ್ರಣ ಒಳ್ಳೆಯದೋ ಕೆಟ್ಟದ್ದೋ ಎಂಬುದು ಹಳೆಯ ವಾದ, ಅದರಲ್ಲಿ ಎರಡೂ ಕಡೆ ಗಟ್ಟಿಯಾದ ಮಾತುಗಳಿವೆ. ಆದರೆ ನಿಯಂತ್ರಣದ ಗೆರೆ ಎಲ್ಲಿದೆ, ಅದು ಯಾರ ಕೈಯಿಂದ ಸರಿಯುತ್ತದೆ ಎಂಬ ಪ್ರಶ್ನೆ ಆ ವಾದದಷ್ಟೇ ಮುಖ್ಯವಾದರೂ ನಮ್ಮ ಗಮನಕ್ಕೆ ಬಂದದ್ದು ಕಡಿಮೆ.

ಯುದ್ಧಕಾಲದಲ್ಲಿ ಹುಟ್ಟಿದ ಮಿತಿ

ಬಾಡಿಗೆ ಕಾನೂನಿಗೆ ಮಿತಿ ಹಾಕುವ ಪದ್ಧತಿ ಬಾಡಿಗೆ ಕಾನೂನಿನಷ್ಟೇ ಹಳೆಯದು. ಮೊದಲ ಮಹಾಯುದ್ಧದ ಕಾಲದಲ್ಲಿ ಗ್ಲಾಸ್ಗೋ ನಗರದ ಶಸ್ತ್ರಾಸ್ತ್ರ ಕಾರ್ಖಾನೆಗಳಿಗೂ ಹಡಗುಕಟ್ಟೆಗಳಿಗೂ ಕೆಲಸಗಾರರು ಬಂದು ತುಂಬಿದರು, ಮನೆಗಳ ಬಾಡಿಗೆ ಏರಿತು. ಗಂಡಸರು ಯುದ್ಧಕ್ಕೆ ಹೋಗಿದ್ದ ಮನೆಗಳ ಹೆಂಗಸರು 1915ರಲ್ಲಿ ಬಾಡಿಗೆ ಕೊಡುವುದಿಲ್ಲವೆಂದು ಮುಷ್ಕರ ಹೂಡಿದರು. ಅದೇ ವರ್ಷದ ಕೊನೆಯಲ್ಲಿ ಬ್ರಿಟನ್ ಬಾಡಿಗೆಯನ್ನು ಯುದ್ಧಪೂರ್ವದ ಮಟ್ಟಕ್ಕೆ ಕಟ್ಟಿಹಾಕಿತು. ಎಲ್ಲ ಮನೆಗಳಿಗೂ ಅಲ್ಲ. ತೆರಿಗೆಗಾಗಿ ಗೊತ್ತುಮಾಡಿದ ವಾರ್ಷಿಕ ಮೌಲ್ಯ ಲಂಡನ್ನಿನಲ್ಲಿ 35 ಪೌಂಡ್, ಸ್ಕಾಟ್ಲೆಂಡಿನಲ್ಲಿ 30, ಉಳಿದೆಡೆ 26 ಪೌಂಡ್ ಮೀರದ ಮನೆಗಳಿಗೆ ಮಾತ್ರ. ಸರ್ಕಾರದ ರಕ್ಷಣೆ ಕೂಲಿಕಾರನಿಗೆ ಬೇಕು, ಸಿರಿವಂತ ತನ್ನ ಕರಾರನ್ನು ತಾನೇ ಮಾಡಿಕೊಳ್ಳಲಿ ಎಂಬುದು ಅದರ ಹಿಂದಿನ ತರ್ಕ. ಇಂದಿಗೂ ಪ್ರತಿ ಮಿತಿಯ ಹಿಂದೆ ಇರುವ ತರ್ಕ ಅದೇ.

ಅದೇ ದೇಶ 1957ರಲ್ಲಿ ಗೆರೆಯನ್ನು ಬೇರೆ ರೀತಿಯಲ್ಲಿ ಬಳಸಿತು. ಲಂಡನ್ನಿನಲ್ಲಿ 40 ಪೌಂಡ್, ಇಂಗ್ಲೆಂಡಿನ ಬೇರೆಡೆ 30 ಪೌಂಡ್ ಮೌಲ್ಯ ಮೀರಿದ ಮನೆಗಳನ್ನು ನಿಯಂತ್ರಣದಿಂದ ಬಿಡುಗಡೆ ಮಾಡಿದ ಕಾನೂನು, ಕೆಳಗಿನ ದರ್ಜೆಯ ಮನೆಗಳೂ ಖಾಲಿಯಾದೊಡನೆ ಹೊಸ ಬಾಡಿಗೆದಾರನಿಗೆ ಮುಕ್ತ ದರದಲ್ಲಿ ಹೋಗಬಹುದು ಎಂದಿತು. ಹೀಗಾಗಿ ಹಳೆಯ ಬಾಡಿಗೆದಾರ ಎದ್ದುಹೋಗುವುದಕ್ಕೇ ಒಂದು ಬೆಲೆ ಬಂತು. ಲಂಡನ್ನಿನ ಕೆಲವು ಬಡ ಬಡಾವಣೆಗಳಲ್ಲಿ ಮಾಲೀಕರು ಬೆದರಿಸಿ, ಕಿರುಕುಳ ಕೊಟ್ಟು ಜನರನ್ನು ಹೊರಗಟ್ಟಿದ ಪ್ರಕರಣಗಳು ದೊಡ್ಡ ರಾಜಕೀಯ ಹಗರಣವೇ ಆದವು. 1965ರಲ್ಲಿ ಸಂಸತ್ತು ಬಾಡಿಗೆದಾರರಿಗೆ ಮತ್ತೆ ಭದ್ರತೆ ಒದಗಿಸಬೇಕಾಯಿತು.

ಭಾರತದಲ್ಲಿ ಎರಡನೆಯ ಮಹಾಯುದ್ಧ ಮತ್ತು ವಿಭಜನೆ ಬಾಡಿಗೆ ನಿಯಂತ್ರಣವನ್ನು ಊರೂರಿಗೆ ತಂದವು. 1956ರಲ್ಲಿ ಏಕೀಕರಣವಾದಾಗ ಕನ್ನಡ ನಾಡಿನಲ್ಲಿ ಒಂದೇ ಬಾಡಿಗೆ ಕಾನೂನು ಇರಲಿಲ್ಲ. ಧಾರವಾಡ, ಬೆಳಗಾವಿಗಳಲ್ಲಿ 1947ರ ಮುಂಬೈ ಕಾಯ್ದೆ, ಕಲಬುರಗಿ ರಾಯಚೂರುಗಳಲ್ಲಿ 1954ರ ಹೈದರಾಬಾದ್ ಕಾಯ್ದೆ, ಮದ್ರಾಸಿನಿಂದ ಬಂದ ಮಂಗಳೂರಿನಲ್ಲಿ 1949ರ ಮದ್ರಾಸ್ ಕಾಯ್ದೆ, ಹಳೇ ಮೈಸೂರಿನಲ್ಲಿ 1951ರ ಮೈಸೂರು ಕಾಯ್ದೆ ನಡೆಯುತ್ತಿದ್ದವು. ಇವೆಲ್ಲವನ್ನೂ ತೆಗೆದು 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಬಂತು. ಅದು ಮಾಲೀಕನ ಮೇಲೆ ಬಿಗಿಯಾದ ಹಿಡಿತವಿಟ್ಟ ಕಾನೂನು. ಮನೆ ಖಾಲಿಯಾದರೆ ನಿಯಂತ್ರಣಾಧಿಕಾರಿಗೆ ತಿಳಿಸಬೇಕು, ಅದನ್ನು ಯಾರಿಗೆ ಕೊಡಬೇಕೆಂದು ಆ ಅಧಿಕಾರಿ ಆದೇಶಿಸಬಹುದು. ಮಾಲೀಕ ತನಗೇ ಮನೆ ಬೇಕೆಂದು ನ್ಯಾಯಾಲಯಕ್ಕೆ ಹೋದರೆ, ಬಿಟ್ಟರೆ ಬಾಡಿಗೆದಾರನಿಗೆ ಆಗುವ ಕಷ್ಟ ದೊಡ್ಡದೋ ಬಿಡದಿದ್ದರೆ ಮಾಲೀಕನಿಗೆ ಆಗುವ ಕಷ್ಟ ದೊಡ್ಡದೋ ಎಂದು ತೂಗಿ ನೋಡಬೇಕು. ಆ ಕಾನೂನಿನಲ್ಲಿಯೂ ಗೆರೆ ಇತ್ತು: ತಿಂಗಳಿಗೆ 500 ರೂಪಾಯಿ ಮೀರಿದ ಬಾಡಿಗೆಯ ವಾಣಿಜ್ಯ ಕಟ್ಟಡಗಳಿಗೆ ತೆರವಿನ ವಿರುದ್ಧದ ರಕ್ಷಣೆ ಇರಲಿಲ್ಲ. ವಾಸದ ಮನೆಗಳಿಗೆ ಅಂಥ ಗೆರೆ ಎಳೆದದ್ದು 1999ರ ಅಧಿನಿಯಮ.

ಒಂದು ಅಂಕಿ, ಹಲವು ವರ್ಷಗಳಿಂದ

3,500 ಎಂಬ ಅಂಕಿ ದೇಶಕ್ಕೆ ಹೊಸದಾಗಿರಲಿಲ್ಲ. ದೆಹಲಿಯ 1958ರ ಬಾಡಿಗೆ ನಿಯಂತ್ರಣ ಕಾಯ್ದೆಗೆ 1988ರಲ್ಲಿ ತಂದ ತಿದ್ದುಪಡಿಯಲ್ಲಿ ಹೊರಗಿಡುವ ಮಿತಿ ಇದೇ 3,500 ರೂಪಾಯಿ ಆಗಿತ್ತು. ಹದಿಮೂರು ವರ್ಷದ ನಂತರ, ದಕ್ಷಿಣದ ಮಹಾನಗರ ಬೆಂಗಳೂರು ವೇಗವಾಗಿ ಬೆಳೆಯಲು ಶುರುವಾದ ಹೊತ್ತಿಗೆ, ಅದೇ ಅಂಕಿ ಇಲ್ಲಿಯೂ ಜಾರಿಗೆ ಬಂತು. ಅಂದರೆ ಹುಟ್ಟುವಾಗಲೇ ಅದು ಸಾಕಷ್ಟು ಹಳಸಿತ್ತು.

ಆಮೇಲೆ ಆದ ಸವಕಳಿಯನ್ನು ಅಳೆಯಲು ಸರ್ಕಾರದ್ದೇ ಒಂದು ಅಳತೆಗೋಲಿದೆ. ಆಸ್ತಿ ಮಾರಿದಾಗ ಬರುವ ಲಾಭಕ್ಕೆ ತೆರಿಗೆ ಲೆಕ್ಕಹಾಕಲು ಕೇಂದ್ರ ಸರ್ಕಾರ ವರ್ಷವರ್ಷವೂ ವೆಚ್ಚ ಹಣದುಬ್ಬರ ಸೂಚ್ಯಂಕವನ್ನು ಪ್ರಕಟಿಸುತ್ತದೆ. ಅದರ ಮೂಲ ವರ್ಷ 2001–02, ಅಂದರೆ ನಮ್ಮ ಅಧಿನಿಯಮ ಜಾರಿಯಾದ ವರ್ಷವೇ. ಆಗ 100 ಇದ್ದದ್ದು 2025–26ಕ್ಕೆ 376 ಆಗಿದೆ. ಈ ಲೆಕ್ಕದಲ್ಲಿ 3,500 ರೂಪಾಯಿಯ ಗೆರೆ 13,160 ರೂಪಾಯಿಗೂ, 2,000 ರೂಪಾಯಿಯ ಗೆರೆ 7,520ಕ್ಕೂ ಏರಬೇಕಿತ್ತು. ಈ ಸೂಚ್ಯಂಕ ಬೆಲೆಯೇರಿಕೆಯ ಮುಕ್ಕಾಲು ಪಾಲನ್ನು ಮಾತ್ರ ಗಣಿಸುವುದರಿಂದ ನಿಜವಾದ ಅಂತರ ಇನ್ನೂ ಹೆಚ್ಚು. 2024ರ ಜುಲೈ 23ಕ್ಕೆ ಮೊದಲು ಕೊಂಡ ಮನೆ ಮಾರುವ ಮಾಲೀಕನ ಲಾಭವನ್ನು ಅಳೆಯುವಾಗ ರೂಪಾಯಿ ಸವೆಯುತ್ತದೆ ಎಂಬುದನ್ನು ರಾಜ್ಯವ್ಯವಸ್ಥೆ ಒಪ್ಪಿಕೊಂಡಿದೆ. ಬಾಡಿಗೆದಾರನ ಹಕ್ಕನ್ನು ಅಳೆಯುವಾಗ ಅದೇ ರೂಪಾಯಿ 2001ರಲ್ಲಿದ್ದಂತೆಯೇ ಇದೆ ಎಂದು ಭಾವಿಸಿದೆ.

ಕಾನೂನಿನ ಒಳಗಿನ ಲೆಕ್ಕ ನೋಡಿದರೆ ಈ ಗೆರೆ ಎಷ್ಟು ಕೆಳಗಿದೆ ಎಂಬುದು ಇನ್ನಷ್ಟು ಸ್ಪಷ್ಟವಾಗುತ್ತದೆ. ಪ್ರಮಾಣಿತ ಬಾಡಿಗೆಯೆಂದರೆ ಕಟ್ಟಡದ ವೆಚ್ಚ ಮತ್ತು ಕಟ್ಟಲು ಆರಂಭಿಸಿದ ದಿನದ ನೆಲದ ಬೆಲೆ ಎರಡನ್ನೂ ಕೂಡಿಸಿ, ಅದರ ಮೇಲೆ ವರ್ಷಕ್ಕೆ ಶೇ 10. ತಿಂಗಳಿಗೆ 3,500 ಎಂದರೆ ವರ್ಷಕ್ಕೆ 42,000. ಹೀಗೆ ಹಿಂದಿನಿಂದ ಲೆಕ್ಕ ಹಾಕಿದರೆ ನೆಲ, ಗೋಡೆ, ಚಾವಣಿ ಎಲ್ಲ ಸೇರಿ 4,20,000 ರೂಪಾಯಿ ಮೀರದ ಮನೆ ಮಾತ್ರ ಗೆರೆಯ ಒಳಗೆ ಬರುತ್ತದೆ. ಬೆಂಗಳೂರಿನಲ್ಲಿ ಆ ಹಣಕ್ಕೆ ನಿವೇಶನದ ಒಂದು ಮೂಲೆಯೂ ಸಿಗುವುದಿಲ್ಲ.

ಇದಕ್ಕೆ 15 ವರ್ಷದ ವಿನಾಯಿತಿಯನ್ನು ಜೋಡಿಸಿ ನೋಡಬೇಕು. ಹೊಸ ಕಟ್ಟಡಗಳನ್ನು ಕೆಲವು ಕಾಲ ಹೊರಗಿಡುವುದು ಒಪ್ಪತಕ್ಕ ಯೋಚನೆ, ಇಲ್ಲದಿದ್ದರೆ ಬಾಡಿಗೆಗೆಂದು ಮನೆ ಕಟ್ಟುವವರು ಹಿಂಜರಿಯುತ್ತಾರೆ. 15 ವರ್ಷವಾದ ಮೇಲೆ ಕಟ್ಟಡ ತಾನಾಗಿ ಕಾನೂನಿನೊಳಗೆ ಬರುತ್ತದೆ ಎಂಬುದು ಶಾಸಕರ ಲೆಕ್ಕಾಚಾರ. ಆದರೆ ಅಷ್ಟು ಹೊತ್ತಿಗೆ ಬಾಡಿಗೆ 3,500 ದಾಟಿ ಎಷ್ಟೋ ದೂರ ಹೋಗಿರುತ್ತದೆ. ಒಂದು ಬಾಗಿಲು ತೆರೆಯುವಾಗ ಇನ್ನೊಂದು ಮುಚ್ಚಿರುತ್ತದೆ. ಹೀಗಾಗಿ 2001ರ ನಂತರ ಎದ್ದ ಲಕ್ಷಾಂತರ ಮನೆಗಳ ಪೈಕಿ ಈ ಕಾನೂನಿನ ವ್ಯಾಪ್ತಿಗೆ ಎಂದಾದರೂ ಬರಬಹುದಾದವು ಬೆರಳೆಣಿಕೆಯಷ್ಟೇ ಇರಬಹುದು. ಅದೇ ಸೆಕ್ಷನ್‌ನಲ್ಲಿರುವ ಅಂಗಡಿಯ ಮಿತಿ ಮಾತ್ರ ಇದಕ್ಕೆ ಅಪವಾದ. 14 ಚದರ ಮೀಟರ್ ಅಂದೂ 14 ಚದರ ಮೀಟರೇ, ಇಂದೂ ಅಷ್ಟೇ. ಗೆರೆಯನ್ನು ಯಾವುದರಲ್ಲಿ ಎಳೆಯುತ್ತೇವೆ ಎಂಬುದು ಎಲ್ಲಿ ಎಳೆಯುತ್ತೇವೆ ಎಂಬುದಕ್ಕಿಂತ ದೊಡ್ಡ ಪ್ರಶ್ನೆ ಎಂದು ಈ ಎರಡು ಉಪವಾಕ್ಯಗಳನ್ನು ಅಕ್ಕಪಕ್ಕ ಇಟ್ಟು ಓದಿದವರಿಗೆ ಅನಿಸದೆ ಇರದು.

ಒಳಗಿನವರು, ಹೊರಗಿನವರು

ಗೆರೆಯ ಒಳಗೆ ಉಳಿದವರು ಯಾರು? ಬಹುಮಟ್ಟಿಗೆ, ದಶಕಗಳಿಂದ ಒಂದೇ ಮನೆಯಲ್ಲಿ ಹಳೆಯ ಬಾಡಿಗೆಗೆ ಇರುವವರು. ಬೆಂಗಳೂರಿನ ಚಾಮರಾಜಪೇಟೆ, ಬಸವನಗುಡಿಗಳ, ಮೈಸೂರಿನ ಅಗ್ರಹಾರಗಳ ಹಳೆಯ ವಠಾರಗಳಲ್ಲಿ ಉಳಿದುಕೊಂಡ ಸಂಸಾರಗಳು. ಅವರಲ್ಲಿ ನಿಜವಾಗಿ ಕೈಯಲ್ಲಾಗದ ಮುದುಕರಿದ್ದಾರೆ. ಬೇರೆಡೆ ಸ್ವಂತ ಮನೆ ಕಟ್ಟಿಕೊಂಡೂ ಹಳೆಯದನ್ನು ಬಿಡದವರೂ ಇದ್ದಾರೆ. ಕಾನೂನು ಅವರ ಆದಾಯವನ್ನು ಕೇಳುವುದಿಲ್ಲ, ಬಾಡಿಗೆಯನ್ನು ಮಾತ್ರ ನೋಡುತ್ತದೆ. ಒಳಗಿರುವವರಿಗೆ ಸಿಗುವ ರಕ್ಷಣೆ ಸಣ್ಣದಲ್ಲ. ಕಾನೂನು ಹೇಳಿದ ಕಾರಣಗಳಲ್ಲಿ ಒಂದಾದರೂ ಸಾಬೀತಾಗದೆ ಅವರನ್ನು ಎಬ್ಬಿಸುವಂತಿಲ್ಲ. ನೀರು, ವಿದ್ಯುತ್ ಕಡಿತ ಮಾಡಿ ಹಿಂಸಿಸುವಂತಿಲ್ಲ. ಬಾಡಿಗೆದಾರ ತೀರಿಕೊಂಡರೆ ಹೆಂಡತಿ ಮಕ್ಕಳಿಗೆ ಐದು ವರ್ಷ ಅಲ್ಲೇ ಇರುವ ಹಕ್ಕಿದೆ. ಹಿಂದಿನ ಕಾನೂನಿಗೆ ಹೋಲಿಸಿದರೆ ಇದು ಮಾಲೀಕನ ಕಡೆಗೂ ವಾಲಿದ ಕಾನೂನೇ: ವಿಧವೆಯರು, ಸೈನಿಕರು, ಹಿರಿಯ ನಾಗರಿಕರಾದ ಮಾಲೀಕರು ಬೇಗ ಮನೆ ಬಿಡಿಸಿಕೊಳ್ಳಲು ಅದು ಪ್ರತ್ಯೇಕ ದಾರಿ ಮಾಡಿಕೊಟ್ಟಿದೆ.

ಗೆರೆಯ ಹೊರಗೆ ಉಳಿದೆಲ್ಲರೂ ಇದ್ದಾರೆ. ಗಾರ್ಮೆಂಟ್ ಕಾರ್ಖಾನೆಯ ಕೆಲಸಗಾರ್ತಿ, ಮನೆಮನೆಗೆ ಊಟ ತಲುಪಿಸುವ ಹುಡುಗ, ಶಾಲಾ ಶಿಕ್ಷಕಿ, ಸಾಫ್ಟ್‌ವೇರ್ ಎಂಜಿನಿಯರ್ ಎಲ್ಲರನ್ನೂ ಕಾನೂನು ಒಂದೇ ಸಾಲಿನಲ್ಲಿ ನಿಲ್ಲಿಸಿದೆ. ಅವರಿಗೆ ಅನ್ವಯಿಸುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ತಿಂಗಳ ಬಾಡಿಗೆಯ ಮನೆಯನ್ನು ಬಿಡಿಸಲು 15 ದಿನಗಳ ನೋಟಿಸ್ ಸಾಕು, ಕಾರಣ ಹೇಳಬೇಕಾಗಿಲ್ಲ. ಮುಂಗಡ ಎಷ್ಟು, ಅದರಲ್ಲಿ ಪೇಂಟಿಂಗ್ ಹೆಸರಿನಲ್ಲಿ ಎಷ್ಟು ಹಿಡಿಯಬಹುದು, ವರ್ಷಕ್ಕೆ ಎಷ್ಟು ಏರಿಸಬಹುದು ಎಂಬುದೆಲ್ಲ ಕರಾರಿನ ಮಾತು. ಕರಾರೆಂದರೆ ಹೆಚ್ಚಿನ ಸಂದರ್ಭಗಳಲ್ಲಿ ಛಾಪಾ ಕಾಗದದ ಮೇಲೆ ಎಲ್ಲರಿಗೂ ಒಂದೇ ನಮೂನೆಯಲ್ಲಿ ಅಚ್ಚಾದ ಹನ್ನೊಂದು ತಿಂಗಳ ಪತ್ರ. ಒಂದು ವರ್ಷ ಮೀರಿದ ಭೋಗ್ಯಪತ್ರವನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಾಯಿಸಬೇಕು, ಅದನ್ನು ತಪ್ಪಿಸಲು ಈ ಹನ್ನೊಂದು ತಿಂಗಳ ಲೆಕ್ಕ. ಅಧಿನಿಯಮದ ಒಳಗಿರುವ ಮನೆಗಳಿಗೆ ಕರಾರು ಲಿಖಿತವಾಗಿರಬೇಕು, ನೋಂದಣಿಯಾಗಬೇಕು ಎಂಬ ನಿಯಮವಿದೆ. ಆದರೆ ಒಳಗೆ ಬರುವ ಹೊಸ ಮನೆಯೇ ಇಲ್ಲವಾದ್ದರಿಂದ ಅದು ಬರೀ ಪುಸ್ತಕದಲ್ಲಿ ಉಳಿದಿದೆ.

ಬೆಂಗಳೂರಿನಲ್ಲಿ ಬಹುಕಾಲ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಆಗಿ ಕೇಳುವುದು ರೂಢಿಯಾಗಿತ್ತು, ಈಗಲೂ ಹಲವೆಡೆ ಇದೆ. ತಿಂಗಳಿಗೆ 20,000 ರೂಪಾಯಿ ಬಾಡಿಗೆಯ ಮನೆ ಹಿಡಿಯುವವರು 2 ಲಕ್ಷ ರೂಪಾಯಿಯನ್ನು ಬಡ್ಡಿಯಿಲ್ಲದೆ ಒಪ್ಪಿಸಿ ಒಳಗೆ ಕಾಲಿಡಬೇಕು. ಇದನ್ನು ವಸತಿ ವೆಚ್ಚದ ಲೆಕ್ಕಕ್ಕೆ ನಾವು ಸೇರಿಸುವುದೇ ಇಲ್ಲ. ಇನ್ನು ಭೋಗ್ಯದ ಪದ್ಧತಿ. ದೊಡ್ಡ ಮೊತ್ತವೊಂದನ್ನು ಮೊದಲೇ ಕೊಟ್ಟು ಎರಡೋ ಮೂರೋ ವರ್ಷ ತಿಂಗಳ ಬಾಡಿಗೆಯಿಲ್ಲದೆ ಇರುವುದು, ಹೋಗುವಾಗ ಅಷ್ಟನ್ನೂ ವಾಪಸ್ ಪಡೆಯುವುದು. ಮಾಲೀಕ ಬ್ಯಾಂಕಿನ ಸಾಲ ತೀರಿಸದೆ ಮನೆ ಹರಾಜಿಗೆ ಬಂದರೆ ಭೋಗ್ಯದವರ ಹಣಕ್ಕೆ ಯಾರು ಹೊಣೆ ಎಂಬುದಕ್ಕೆ ಸುಲಭದ ಉತ್ತರವಿಲ್ಲ. ತಿಂಗಳ ಬಾಡಿಗೆಯನ್ನೇ ಅಳತೆಗೋಲು ಮಾಡಿಕೊಂಡ ಕಾನೂನಿಗೆ, ತಿಂಗಳ ಬಾಡಿಗೆಯೇ ಇಲ್ಲದ ಈ ವ್ಯವಹಾರ ಕಣ್ಣಿಗೇ ಬೀಳುವುದಿಲ್ಲ. ಪಿ.ಜಿ.ಗಳಲ್ಲಿ ಮಂಚಕ್ಕೆ ಬಾಡಿಗೆ ಕೊಡುವ ಲಕ್ಷಾಂತರ ಯುವಜನರದ್ದೂ ಇದೇ ಸ್ಥಿತಿ. ಅವರನ್ನು ಬಾಡಿಗೆದಾರರೆಂದಲ್ಲ, ಅನುಮತಿಯ ಮೇಲೆ ತಂಗಿರುವವರೆಂದೇ ನೋಡುವ ರೂಢಿಯಿದೆ.

ಮಾಲೀಕನ ಕಡೆಯ ಮಾತನ್ನೂ ಇಲ್ಲಿ ಕೇಳಬೇಕು. ನಮ್ಮ ನಗರಗಳಲ್ಲಿ ಬಾಡಿಗೆ ಕೊಡುವವರಲ್ಲಿ ದೊಡ್ಡ ಕುಳಗಳು ಕಡಿಮೆ. ನಿವೃತ್ತಿಯ ಹಣ ಹಾಕಿ ಮೇಲಿನ ಮಹಡಿ ಕಟ್ಟಿದವರು, ಆ ಬಾಡಿಗೆಯನ್ನೇ ಪಿಂಚಣಿ ಮಾಡಿಕೊಂಡವರು ಹೆಚ್ಚು. ಕೆಳಗಿನ ಮನೆಯವರು ಬಾಡಿಗೆ ನಿಲ್ಲಿಸಿ ಕೂತರೆ, 15 ದಿನದ ನೋಟಿಸ್ ಕಾಗದದ ಮೇಲೆ ಎಷ್ಟು ಚುರುಕಾಗಿದ್ದರೂ, ದಾವೆ ತೀರ್ಮಾನವಾಗಿ ಮೇಲ್ಮನವಿಗಳು ಮುಗಿಯಲು ವರ್ಷಗಳೇ ಬೇಕು. 1961ರ ಕಾನೂನಿನ ಕಾಲದಲ್ಲಿ ಮನೆ ಕೊಟ್ಟು ಎರಡು ತಲೆಮಾರು ಬಿಡಿಸಿಕೊಳ್ಳಲಾಗದವರ ಕಥೆಗಳನ್ನು ಪ್ರತಿ ಬೀದಿಯೂ ಹೇಳುತ್ತದೆ. ದೊಡ್ಡ ಅಡ್ವಾನ್ಸ್ ಕೇಳುವುದರ ಹಿಂದೆ ದುರಾಸೆ ಎಷ್ಟಿದೆಯೋ ಈ ಭಯವೂ ಅಷ್ಟೇ ಇದೆ. 2011ರ ಜನಗಣತಿಯ ವೇಳೆಗೆ ದೇಶದ ನಗರಗಳಲ್ಲಿ ಒಂದು ಕೋಟಿಗೂ ಹೆಚ್ಚು ಮನೆಗಳು ಖಾಲಿ ಬಿದ್ದಿದ್ದವು. ನಗರದ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಕುಟುಂಬಗಳು ಬಾಡಿಗೆ ಮನೆಯಲ್ಲಿರುವಾಗ ಇಷ್ಟು ಮನೆಗಳಿಗೆ ಬೀಗ ಬಿದ್ದಿರುವುದಕ್ಕೆ ಈ ಅಪನಂಬಿಕೆಯೂ ಒಂದು ಕಾರಣ.

ಬಾಡಿಗೆ ಏರುವುದೋ ಇಳಿಯುವುದೋ

ಮಿತಿಗಳು ವಸತಿ ವೆಚ್ಚವನ್ನು ಹೇಗೆ ಬದಲಿಸುತ್ತವೆ ಎಂಬುದನ್ನು ಅಳೆದು ನೋಡಿದ ಊರುಗಳಿವೆ. ಸ್ಯಾನ್ ಫ್ರಾನ್ಸಿಸ್ಕೋ 1979ರಲ್ಲಿ ಬಾಡಿಗೆ ನಿಯಂತ್ರಣ ತಂದಾಗ ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಮನೆಗಳಿರುವ ಸಣ್ಣ ಕಟ್ಟಡಗಳನ್ನು ಹೊರಗಿಟ್ಟಿತ್ತು. 1994ರಲ್ಲಿ ಮತದಾರರು ಆ ವಿನಾಯಿತಿ ತೆಗೆದರು, ಆದರೆ 1980ಕ್ಕೆ ಮೊದಲು ಕಟ್ಟಿದವಕ್ಕೆ ಮಾತ್ರ. ಒಂದೇ ಬೀದಿಯಲ್ಲಿ ಒಂದೇ ಬಗೆಯ ಎರಡು ಕಟ್ಟಡಗಳಲ್ಲಿ ಒಂದು ಒಳಗೆ, ಒಂದು ಹೊರಗೆ ಉಳಿದದ್ದು ಅರ್ಥಶಾಸ್ತ್ರಜ್ಞರಿಗೆ ಅಪರೂಪದ ಅವಕಾಶವಾಯಿತು. 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಗೆರೆಯ ಒಳಗೆ ಬಂದ ಕಟ್ಟಡಗಳ ಬಾಡಿಗೆದಾರರು, ಅದರಲ್ಲೂ ವಯಸ್ಸಾದವರು, ತಮ್ಮ ನೆಲೆಯಲ್ಲಿ ಹೆಚ್ಚು ಕಾಲ ಉಳಿದರು. ಅದೇ ಕಟ್ಟಡಗಳ ಮಾಲೀಕರು ಮನೆಗಳನ್ನು ಮಾರಿ, ಕೆಡವಿ ಕಟ್ಟಿ, ಬಾಡಿಗೆಗಿದ್ದ ಮನೆಗಳ ಸಂಖ್ಯೆಯನ್ನು ಶೇ 15ರಷ್ಟು ತಗ್ಗಿಸಿದರು. ಊರಿನ ಒಟ್ಟಾರೆ ಬಾಡಿಗೆ ಸುಮಾರು ಶೇ 5 ಏರಿತು. ಇದ್ದವರಿಗೆ ಲಾಭ, ಬರುವವರಿಗೆ ನಷ್ಟ. ನಿಯಂತ್ರಣದ ಪರವಾಗಿರುವವರೂ ವಿರೋಧಿಗಳೂ ಈ ಅಧ್ಯಯನದಲ್ಲಿ ತಮಗೆ ಬೇಕಾದ ಅರ್ಧವನ್ನು ಮಾತ್ರ ಓದುವುದು ರೂಢಿ.

ನ್ಯೂಯಾರ್ಕ್ ನಗರದ ಅನುಭವ ನಮಗೆ ಹೆಚ್ಚು ಹತ್ತಿರದ್ದು, ಏಕೆಂದರೆ ಅಲ್ಲಿ ಗೆರೆ ಹಣದಲ್ಲಿತ್ತು. 1990ರ ದಶಕದ ಆರಂಭದಲ್ಲಿ ಅಲ್ಲಿ, ಮನೆ ಖಾಲಿಯಾದಾಗ ಅದರ ಶಾಸನಬದ್ಧ ಬಾಡಿಗೆ ತಿಂಗಳಿಗೆ 2,000 ಡಾಲರ್ ದಾಟಿದ್ದರೆ ಆ ಮನೆ ಶಾಶ್ವತವಾಗಿ ನಿಯಂತ್ರಣದಿಂದ ಹೊರಗೆ ಹೋಗುವ ವ್ಯವಸ್ಥೆ ಬಂತು. ಖಾಲಿಯಾದ ಮನೆಯಲ್ಲಿ ಅಡುಗೆಕೋಣೆ, ಬಚ್ಚಲು ಹೊಸದು ಮಾಡಿಸಿದರೆ ವೆಚ್ಚದ ಒಂದು ಪಾಲನ್ನು ತಿಂಗಳ ಬಾಡಿಗೆಗೆ ಸೇರಿಸಲು ಅವಕಾಶವಿದ್ದುದರಿಂದ, ಗೆರೆಯ ಹತ್ತಿರವಿದ್ದ ಮನೆಗಳನ್ನು ಗೆರೆ ದಾಟಿಸುವುದೇ ಒಂದು ದಂಧೆಯಾಯಿತು. ಮಿತಿಯನ್ನು 2011ರಲ್ಲಿ 2,500ಕ್ಕೆ, 2015ರಲ್ಲಿ 2,700ಕ್ಕೆ ಏರಿಸಿ ಅಲ್ಲಿಂದ ಮುಂದೆ ವರ್ಷವರ್ಷ ತಾನಾಗಿ ಏರುವಂತೆ ಮಾಡಿದರೂ, 2019ರ ಹೊತ್ತಿಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಮನೆಗಳು ಹೊರಗೆ ಹೋಗಿದ್ದವು. ಆ ವರ್ಷ ಮಿತಿಯನ್ನೇ ರದ್ದು ಮಾಡಲಾಯಿತು, ನವೀಕರಣದ ಖರ್ಚನ್ನು ಬಾಡಿಗೆಗೆ ಸೇರಿಸುವ ದಾರಿಯನ್ನೂ ಕಿರಿದು ಮಾಡಲಾಯಿತು. ಈಗ ಅಲ್ಲಿನ ಮಾಲೀಕರ ದೂರು ಬೇರೆ: ಹಳೆಯ ಮನೆಗಳ ದುರಸ್ತಿಯ ಖರ್ಚು ಬಾಡಿಗೆಯಲ್ಲಿ ಹುಟ್ಟುವುದಿಲ್ಲ, ಆದ್ದರಿಂದ ಬೀಗ ಹಾಕಿಟ್ಟಿದ್ದೇವೆ ಎಂಬುದು. ಅಂಥ ಮನೆಗಳು ಎಷ್ಟು ಎಂಬುದರಲ್ಲಿ ಒಮ್ಮತವಿಲ್ಲ.

ಗೆರೆಯೇ ಇಲ್ಲದೆ ಕಾನೂನು ಮಾಡಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. ಅಮೆರಿಕದ ಸೇಂಟ್ ಪಾಲ್ ನಗರದ ಮತದಾರರು 2021ರಲ್ಲಿ, ಬಾಡಿಗೆ ವರ್ಷಕ್ಕೆ ಶೇ 3ಕ್ಕಿಂತ ಹೆಚ್ಚು ಏರಕೂಡದು ಎಂದು ತೀರ್ಮಾನಿಸಿದರು. ಹೊಸ ಕಟ್ಟಡಗಳಿಗೂ ವಿನಾಯಿತಿ ಇರಲಿಲ್ಲ. ಕಟ್ಟಡ ಪರವಾನಗಿಗೆ ಬರುವ ಅರ್ಜಿಗಳು ಕುಸಿದವು, ಮರುವರ್ಷವೇ ಹೊಸ ಕಟ್ಟಡಗಳಿಗೆ 20 ವರ್ಷದ ವಿನಾಯಿತಿ ಕೊಡಬೇಕಾಯಿತು. ನಮ್ಮ 15 ವರ್ಷದ ನಿಯಮವನ್ನು ಇದರ ಬೆಳಕಿನಲ್ಲಿ ನೋಡಿದರೆ ಅದನ್ನು ಸುಮ್ಮನೆ ತಳ್ಳಿಹಾಕಲಾಗದು.

ಈ ಅನುಭವಗಳನ್ನು ಯಥಾವತ್ತಾಗಿ ಇಲ್ಲಿಗೆ ತರುವಂತಿಲ್ಲ. ಆ ಊರುಗಳಲ್ಲಿ ಎಷ್ಟು ಮನೆ ಒಳಗೆ, ಎಷ್ಟು ಹೊರಗೆ ಎಂಬುದಕ್ಕೆ ದಾಖಲೆಯಿದೆ, ನಮ್ಮಲ್ಲಿ ಇಲ್ಲ. ಆದರೂ ಒಂದು ಮಾತು ಎಲ್ಲೆಡೆ ಎದ್ದು ಕಾಣುತ್ತದೆ. ಗೆರೆಯ ಎರಡೂ ಬದಿಯ ನಡುವೆ ಅಂತರ ಹೆಚ್ಚಿದಷ್ಟೂ ಗೆರೆಯನ್ನು ದಾಟಿಸುವ ಆಮಿಷ ಹೆಚ್ಚುತ್ತದೆ. 3,500ರ ಬದಲು 3,501 ಎಂದು ಬರೆದರೆ ಬಾಡಿಗೆದಾರನ ಹಕ್ಕುಗಳೆಲ್ಲ ಕಳೆದುಹೋಗುವ ಕಾನೂನಿನಲ್ಲಿ ಆ ಒಂದು ರೂಪಾಯಿಗೆ ಬರುವ ಬೆಲೆ ವಿಚಿತ್ರವಾದದ್ದು.

ನ್ಯಾಯಾಲಯ ಕಂಡಂತೆ

ಇಂಥ ಮಿತಿಗಳು ಸಂವಿಧಾನದ ಸಮಾನತೆಯ ಒರೆಗಲ್ಲಿಗೂ ಬಂದಿವೆ. ತಮಿಳುನಾಡಿನ ಕಾನೂನು ತಿಂಗಳಿಗೆ 400 ರೂಪಾಯಿ ಮೀರಿದ ವಾಸದ ಮನೆಗಳನ್ನು ರಕ್ಷಣೆಯಿಂದ ಹೊರಗಿಟ್ಟಿತ್ತು. ಆ ಮೊತ್ತ ಗೊತ್ತುಮಾಡಿದ್ದು 1973ರಲ್ಲಿ. 1986ರಲ್ಲಿ ದೇಶದ ಅತ್ಯುನ್ನತ ನ್ಯಾಯಾಲಯ ಅದನ್ನು ರದ್ದು ಮಾಡಿತು. ಅಂಗಡಿಗಳಿಗೆ ಇಲ್ಲದ ಮಿತಿ ಮನೆಗಳಿಗೇಕೆ ಎಂಬುದು ಒಂದು ಕಾರಣ. ಬಾಡಿಗೆಗಳು ಹಲವು ಪಟ್ಟು ಏರಿರುವಾಗ 400 ರೂಪಾಯಿ ಕೊಡುವವನನ್ನು ಅನುಕೂಲಸ್ಥನೆಂದು ಕರೆಯಲಾಗದು ಎಂಬ ಕಾಲದ ಅರಿವೂ ಆ ತೀರ್ಪಿನಲ್ಲಿತ್ತು. ಅಲ್ಲಿ ಕಳೆದಿದ್ದದ್ದು ಹದಿಮೂರು ವರ್ಷ. ಆದರೆ 1995ರಲ್ಲಿ ಅದೇ ನ್ಯಾಯಾಲಯ ದೆಹಲಿಯ 3,500ರ ಮಿತಿಯನ್ನು ಎತ್ತಿಹಿಡಿಯಿತು. ಯಾರಿಗೆ ರಕ್ಷಣೆ ಬೇಕು, ಯಾರಿಗೆ ಬೇಡ ಎಂದು ವರ್ಗೀಕರಿಸುವುದು ಶಾಸಕಾಂಗದ ಕೆಲಸ, ಬಾಡಿಗೆಯ ಮೊತ್ತ ಅದಕ್ಕೆ ಒಪ್ಪತಕ್ಕ ಆಧಾರ ಎಂಬುದು ಅದರ ನಿಲುವು. ಹೀಗಾಗಿ ಮಿತಿ ಇರುವುದೇ ತಪ್ಪು ಎಂಬ ವಾದಕ್ಕೆ ಈಗ ಬಲವಿಲ್ಲ.

1997ರ ಡಿಸೆಂಬರ್‌ನ ಇನ್ನೊಂದು ತೀರ್ಪು ಈ ಚರ್ಚೆಯಲ್ಲಿ ಹೆಚ್ಚು ಉಪಯುಕ್ತ. ಅದು ಮಾಲೀಕರ ಪರವಾಗಿ ಬಂದದ್ದು. 1947ರ ಮುಂಬೈ ಕಾಯ್ದೆ ಬಾಡಿಗೆಯನ್ನು 1940ರ ಸೆಪ್ಟೆಂಬರ್‌ನ ಮಟ್ಟಕ್ಕೆ ಕಟ್ಟಿಹಾಕಿತ್ತು. ಮಾಡಿದಾಗ ನ್ಯಾಯವಾಗಿದ್ದ ಕಾನೂನೂ ಕಾಲ ಸರಿದಂತೆ ಅನ್ಯಾಯವಾಗಬಹುದು, ಅಷ್ಟು ಹಳೆಯ ಬಾಡಿಗೆಯನ್ನು ಇಂದಿಗೂ ಹೇರುವುದು ಸಮಂಜಸವಲ್ಲ ಎಂದು ನ್ಯಾಯಾಲಯ ಹೇಳಿತು. ಮಹಾರಾಷ್ಟ್ರ ತನ್ನ 1999ರ ಕಾನೂನಿನಲ್ಲಿ ವರ್ಷಕ್ಕೆ ಶೇ 4ರ ಏರಿಕೆಗೆ ಅವಕಾಶ ಕೊಟ್ಟಿತು. ಬ್ಯಾಂಕುಗಳು, ಬಹುರಾಷ್ಟ್ರೀಯ ಕಂಪನಿಗಳು, ಒಂದು ಕೋಟಿ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಪಾವತಿಯಾದ ಷೇರು ಬಂಡವಾಳವಿರುವ ಕಂಪನಿಗಳನ್ನು ರಕ್ಷಣೆಯಿಂದ ಹೊರಗಿಟ್ಟಿತು. ಬಾಡಿಗೆಯ ಬದಲು ಬಾಡಿಗೆದಾರ ಯಾರು ಎಂದು ನೋಡುವ ಈ ಮಿತಿ ಹೆಚ್ಚು ಬುದ್ಧಿವಂತಿಕೆಯದು. 1940ರ ಬಾಡಿಗೆ ಮಾಲೀಕನಿಗೆ ಅನ್ಯಾಯವಾದರೆ, 2001ರ ಗೆರೆ ಬಾಡಿಗೆದಾರನಿಗೆ ಏಕೆ ಅನ್ಯಾಯವಲ್ಲ ಎಂದು ಕೇಳುವ ಹಕ್ಕು ನಮಗಿದೆ.

ಮುಂದಿನ ಗೆರೆ

2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಹಣದ ಮಿತಿಯನ್ನೇ ಕೈಬಿಟ್ಟಿದೆ. ಬಾಡಿಗೆ ಎಷ್ಟಾದರೂ ಇರಲಿ, ಕರಾರು ಲಿಖಿತವಾಗಿರಬೇಕು, ಬಾಡಿಗೆ ಪ್ರಾಧಿಕಾರಕ್ಕೆ ತಿಳಿಸಬೇಕು. ವಾಸದ ಮನೆಗೆ ಎರಡು ತಿಂಗಳ, ಉಳಿದವಕ್ಕೆ ಆರು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಪಡೆಯುವಂತಿಲ್ಲ. ಮನೆಯೊಳಗೆ ಬರಲು ಮಾಲೀಕ 24 ಗಂಟೆ ಮುಂಚೆ ತಿಳಿಸಬೇಕು. ಅದಕ್ಕೆ ಪ್ರತಿಯಾಗಿ ಬಾಡಿಗೆಯ ಮೊತ್ತದ ಮೇಲೆ ನಿಯಂತ್ರಣವಿಲ್ಲ. ಅವಧಿ ಮುಗಿದ ಮೇಲೂ ಬಿಡದ ಬಾಡಿಗೆದಾರ ಮೊದಲ ಎರಡು ತಿಂಗಳು ಎರಡು ಪಟ್ಟು, ಆಮೇಲೆ ನಾಲ್ಕು ಪಟ್ಟು ಬಾಡಿಗೆ ತೆರಬೇಕು. ಹಳೆಯ ಬಾಡಿಗೆದಾರರಿಗೆ ಇದು ಅನ್ವಯಿಸದು. ಭೂಮಿ, ಬಾಡಿಗೆ ರಾಜ್ಯಗಳ ವಿಷಯವಾದ್ದರಿಂದ ಇದನ್ನು ಒಪ್ಪುವುದೂ ಬಿಡುವುದೂ ಅವುಗಳಿಗೆ ಬಿಟ್ಟದ್ದು. ತಮಿಳುನಾಡು, ಆಂಧ್ರ, ಉತ್ತರ ಪ್ರದೇಶ, ಅಸ್ಸಾಂ ಈ ದಾರಿ ಹಿಡಿದಿವೆ. ಕರ್ನಾಟಕ 1999ರ ಅಧಿನಿಯಮದಲ್ಲೇ ಉಳಿದಿದೆ.

ಈ ಮಾದರಿಯಲ್ಲಿ ಕೊರತೆಗಳಿಲ್ಲದಿಲ್ಲ. ಅವಧಿ ಮುಗಿದೊಡನೆ ಮಾಲೀಕ ಎಷ್ಟು ಬೇಕಾದರೂ ಏರಿಸಬಹುದೆಂದಾದರೆ, ಕಡಿಮೆ ಆದಾಯದವರಿಗೆ ಮನೆಯ ಭದ್ರತೆ ಎಂಬುದು ಹನ್ನೊಂದು ತಿಂಗಳದ್ದೇ ಆಗಿ ಉಳಿಯುತ್ತದೆ. ಆದರೂ ಅದರಲ್ಲಿ ನಾವು ಗಮನಿಸಬೇಕಾದ ಒಂದು ವಿಂಗಡಣೆ ಇದೆ. ಬಾಡಿಗೆಯ ದರವನ್ನು ಕಟ್ಟುವುದು ಒಂದು, ಬಾಡಿಗೆದಾರನಿಗೆ ಕನಿಷ್ಠ ಹಕ್ಕುಗಳನ್ನು ಕೊಡುವುದು ಇನ್ನೊಂದು. ಮೊದಲನೆಯದಕ್ಕೆ ಮಿತಿ ಇರುವುದು ಸರಿ. ಲಕ್ಷ ರೂಪಾಯಿ ಬಾಡಿಗೆಯ ಬಂಗಲೆಗೆ ಪ್ರಮಾಣಿತ ಬಾಡಿಗೆ ಲೆಕ್ಕ ಹಾಕುವುದು ರಾಜ್ಯದ ಕೆಲಸವಲ್ಲ. ಆದರೆ ರಸೀದಿ, ಲಿಖಿತ ಕರಾರು, ಅಡ್ವಾನ್ಸ್ ವಾಪಸಾತಿ, ನೀರು ವಿದ್ಯುತ್ ಕಡಿತದಿಂದ ರಕ್ಷಣೆ ಇವು 3,500 ಕೊಡುವವರಿಗೆ ಬೇಕಾದರೆ 35,000 ಕೊಡುವವರಿಗೂ ಬೇಕು. 1999ರ ಅಧಿನಿಯಮ ಇವೆರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿತು, ಗಂಟಿನ ಮೇಲೆ ಒಂದೇ ಬೆಲೆಚೀಟಿ ಅಂಟಿಸಿತು. ದೋಷ ಮುಖ್ಯವಾಗಿ ಇಲ್ಲಿದೆ ಎಂದು ತೋರುತ್ತದೆ.

ಹಾಗೆಂದು 3,500 ಅಳಿಸಿ 13,160 ಎಂದು ಬರೆದರೆ ಸಮಸ್ಯೆ ತೀರದು. ಒಂದೇ ದಿನದಲ್ಲಿ ಅಷ್ಟು ಮನೆಗಳು ನಿಯಂತ್ರಣದೊಳಗೆ ಬಂದರೆ ಮಾಲೀಕರು ಮೊದಲು ಮಾಡುವ ಕೆಲಸ ಬಾಡಿಗೆದಾರರನ್ನು ಬಿಡಿಸಿ, ಹೊಸ ಕರಾರನ್ನು ಗೆರೆಯ ಮೇಲೆ ಬರೆಯಿಸಿಕೊಳ್ಳುವುದು. ಹೊಸ ಮಿತಿಯನ್ನು ಮುಂದಿನ ಕರಾರುಗಳಿಗೆ ಮಾತ್ರ ಹಂತಹಂತವಾಗಿ ತರಬೇಕಾದೀತು. ಅಂಕಿಯನ್ನು ಅಧಿನಿಯಮದ ಒಡಲಿನಿಂದ ತೆಗೆದು ಸೂಚ್ಯಂಕದೊಂದಿಗೆ ಏರುವ ಅನುಸೂಚಿಗೆ ಹಾಕಿದರೆ, ಪ್ರತಿ ಪರಿಷ್ಕರಣೆಗೂ ಶಾಸನಸಭೆಯ ಬಾಗಿಲು ತಟ್ಟಬೇಕಾಗುವುದಿಲ್ಲ. ಮಾಲೀಕರ ಅಂಜಿಕೆ ಕಡಿಮೆಯಾಗಬೇಕಾದರೆ ಬಾಡಿಗೆ ದಾವೆಗಳು ತಿಂಗಳುಗಳಲ್ಲಿ ಮುಗಿಯುವಂತಾಗಬೇಕು, ಇಲ್ಲದಿದ್ದರೆ ಎರಡು ತಿಂಗಳ ಠೇವಣಿಯ ಮಿತಿಯನ್ನು ಅವರು ಕೈಗಡದ ರೂಪದಲ್ಲಿ ದಾಟಿಕೊಳ್ಳುತ್ತಾರೆ.

ಎಲ್ಲಕ್ಕೂ ಮೊದಲು ಬೇಕಾದದ್ದು ಲೆಕ್ಕ. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ಯಾವ ಬಡಾವಣೆಯಲ್ಲಿ ಎಂಥ ಮನೆಗೆ ಎಷ್ಟು ಬಾಡಿಗೆ ನಡೆಯುತ್ತಿದೆ ಎಂಬುದು ಹನ್ನೊಂದು ತಿಂಗಳ ನೋಂದಣಿಯಿಲ್ಲದ ಪತ್ರಗಳಲ್ಲಿ ಹೂತುಹೋಗಿದೆ. ಭೋಗ್ಯದ ವ್ಯವಹಾರಗಳ ಬಹುಪಾಲು ಅಷ್ಟೂ ಕಾಣುವುದಿಲ್ಲ. ಕಡಿಮೆ ಶುಲ್ಕದಲ್ಲಿ ಪ್ರತಿ ಕರಾರನ್ನೂ ದಾಖಲಿಸುವ ಏರ್ಪಾಡು ಒಂದೆರಡು ವರ್ಷ ನಡೆದರೆ, ಮಿತಿ ಎಷ್ಟಿರಬೇಕು ಎಂಬ ಪ್ರಶ್ನೆಗೆ ಊರಿಗೊಂದು ಉತ್ತರ ಆ ದಾಖಲೆಗಳಿಂದಲೇ ಬರಬಹುದು. ಬಾಡಿಗೆಗೆ ಮಿತಿ ಹಾಕುವ ಮೊದಲು ದಾಖಲಾತಿಯನ್ನು ಮಿತಿಯಿಲ್ಲದೆ ಕಡ್ಡಾಯ ಮಾಡುವುದು, ಮಾಲೀಕರೂ ಬಾಡಿಗೆದಾರರೂ ಹೆಚ್ಚು ಜಗಳವಿಲ್ಲದೆ ಒಪ್ಪಬಹುದಾದ ಸುಧಾರಣೆ.